ಹೊರಸಿನ ಕೆಳಗಿನ ಬಾಣಂತಿ

ಕೆಂಡದ ಮೇಲೆ ಅಜವಾನ ಉದುರಿಸಿದಾಗ ಚಟಪಟ ಎಂದು ಏಳುವ ಆ ಘಾಟು ಹೊಗೆ ಯಾರ ಮನೆಯ ಕಿಟಕಿಯಿಂದ ಬಂದರೂ ನಾನು ನಡೆಯುತ್ತಿದ್ದವಳು ನಿಂತುಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ನನ್ನನ್ನು ಅದು ಅಕ್ಕಲಕೋಟೆಯ ನಮ್ಮ ಮಣ್ಣಿನ ಮಾಳಿಗೆಯ ಮನೆಗೆ, ನಡುವಿನ ಕತ್ತಲೆ ಕೋಣೆಗೆ ಒಯ್ದು ಬಿಡುತ್ತದೆ. ಆ ಮನೆ ಬಿದ್ದು ಎಷ್ಟೋ ಕಾಲವಾಯಿತು. ಐವತ್ತರ ದಶಕದ ಆ ಚಳಿಗಾಲದಲ್ಲಿ ಅಲ್ಲಿ ಅಪ್ಪನ ತಾಯಿ, ನಮ್ಮ ಆಯಿ ಇದ್ದಳು. ನನ್ನ ಅವ್ವ ಇದ್ದಳು. ಚೊಚ್ಚಲ ಹೆರಿಗೆಗೆಂದು ಸೊಲ್ಲಾಪುರದಿಂದ ತವರಿಗೆ ಬಂದ, ಅಪ್ಪನ ತಂಗಿ ಶಾಂತತ್ತಿ ಇದ್ದಳು. ಇನ್ನೂ ಸಾಲೆಗೆ ಹೆಸರು ಹಚ್ಚದ ನಾನಿದ್ದೆ. ಆಯಿಯ ಕಸಬರಿಗೆ ಕಂಡರೆ ಮಾಳಿಗೆ ಏರುವ ಒಂದು ಬೂದು ಬೆಕ್ಕೂ ಇತ್ತು.

ಅತ್ತೆಗೆ ನೋವು ಬಂದ ದಿನ ನನ್ನನ್ನು ಪಕ್ಕದ ಮನೆಯ ಕಾಕೂನ ಹತ್ತಿರ ಕಳಿಸಿದ್ದರು. ಸಂಜೆ ತಿರುಗಿ ಬಂದಾಗ ಬಾಣಂತಿ ಮಲಗುವ ಹೊರಸು ಹಾಕಿತ್ತು, ಅದರ ಕೆಳಗೆ ಶೇಗಡಿಯಲ್ಲಿ ಕೆಂಡ ಇತ್ತು, ಅಜವಾನದ ಹೊಗೆ ಇತ್ತು, ಡಬ್ಬಿಯಲ್ಲಿ ಬಾಣಂತನದ ಅಂಟಿನುಂಡಿ ಇತ್ತು. ಅತ್ತೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸು ಮಾತ್ರ ಇರಲಿಲ್ಲ. ತೊಲೆಗೆ ಕಟ್ಟಿದ್ದ ತೊಟ್ಟಿಲನ್ನು ಯಾರೋ ಬಿಚ್ಚಿದ್ದರು. ‘ಕೂಸೆಲ್ಲಿ?’ ಎಂದು ಕೇಳಿದರೆ ಅವ್ವ, ‘ಹೊರಗ ಆಡಹೋಗು’ ಎಂದಳು. ಆಯಿ ಕೇಳಿಸದವಳಂತೆ ಕೆಂಡ ಕೆದಕಿದಳು. ಕೂಸಿಲ್ಲದ ಬಾಣಂತನ ನನಗೆ ಅರ್ಥವಾಗಲಿಲ್ಲ.

ಅತ್ತೆ ಉಣ್ಣುತ್ತಿರಲಿಲ್ಲ. ಆಯಿಯ ಚಿಂತೆಯೆಲ್ಲ ಅದೇ ಆಗಿತ್ತು. ಹೀಗಿರುವಾಗ ಒಂದು ಬೆಳಗ್ಗೆ ಹೊರಸಿನ ಕೆಳಗೆ, ಶೇಗಡಿಯ ಕಾವು ತಾಕುವಲ್ಲಿ, ಬೆಕ್ಕು ಮರಿ ಹಾಕಿತ್ತು. ಕಸಬರಿಗೆ ಬರುತ್ತದೆಂದು ನಾನು ಕಾದೆ. ಆಯಿ ಬಗ್ಗಿ ನೋಡಿ, ‘ಇರಲಿ ಬಿಡ್ರಿ, ಇಕಿನೂ ಬಾಣಂತಿ’ ಎಂದು ಒಳಗೆ ಹೋಗಿ ಬಿಸಿ ಅನ್ನಕ್ಕೆ ಹಾಲು ತುಪ್ಪ ಕಲಸಿ ತಂದಿಟ್ಟಳು. ಕಾಕೂ ಬಾಗಿಲಲ್ಲಿ ನಿಂತು ಗಲ್ಲಕ್ಕೆ ಕೈ ಹಚ್ಚಿದಳು.

‘ಅಗ ಬಾಯೀ! ಬೆಕ್ಕಿಗೆ ತುಪ್ಪದನ್ನ! ನಮ್ಮ ಸೊಸಿ ನನಗ ತಂಗಳ ರೊಟ್ಟಿ ಹಾಕ್ತಾಳ್ರಿ ಆಯಿ. ಮುಂದಿನ ಜನ್ಮಕ್ಕ ನಿಮ್ಮ ಮನಿ ಬೆಕ್ಕಾಗಿ ಹುಟ್ಟತೀನಿ.’

‘ಹುಟ್ಟು, ಹುಟ್ಟು. ನಿನ್ನ ಬಾಯಿಗೆ ಅಂಜಿ ಮನ್ಯಾಗ ಒಂದ ಇಲಿನೂ ಉಳಿಯಂಗಿಲ್ಲ’ ಎಂದಳು ಆಯಿ. ಅತ್ತೆ ನಗಲಿಲ್ಲ. ಆದರೆ ಗೋಡೆಯಿಂದ ಈಚೆ ಹೊರಳಿದಳು. ಮಧ್ಯಾಹ್ನ ನೋಡಿದರೆ, ಕೂಸಿಗೆಂದು ತಾನೇ ಹೊಲಿದಿಟ್ಟಿದ್ದ ಅಂಗೈ ಅಗಲದ ತುಂಡುಗಳ ಪುಟ್ಟ ಕೌದಿಯನ್ನು ಮರಿಗಳ ಕೆಳಗೆ ಹಾಸಿದ್ದಳು. ಅವ್ವ ಏನೋ ಹೇಳಹೋದಳು. ಆಯಿ ಕಣ್ಣಲ್ಲೇ ತಡೆದಳು. ಅಂದಿನಿಂದ ಬೆಕ್ಕು ಉಣ್ಣುವಾಗ ಅತ್ತೆಯೂ ಎರಡು ತುತ್ತು ಉಣ್ಣತೊಡಗಿದಳು.

ಸುದ್ದಿ ಓಣಿಗೆಲ್ಲ ಹಬ್ಬಿ, ಹುಡುಗರು ಹೊರಸಿನ ಕೆಳಗೆ ಇಣುಕುವುದೇ ಇಣುಕುವುದು. ಒಂದು ದಿನ ಎದ್ದು ನೋಡಿದರೆ ಕೌದಿ ಬರಿದಾಗಿತ್ತು. ಅತ್ತೆ ಅದನ್ನು ಎದೆಗೆ ಅವಚಿಕೊಂಡು ಬಾಯಿಬಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಯಿ ಅವಳ ಬೆನ್ನು ಸವರುತ್ತ ಹೇಳಿದಳು: ‘ಕಳದಿಲ್ಲ ಶಾಂತಾ. ಮಂದಿ ಕಣ್ಣ ಬಿದ್ದಾವಂತ ಒಯ್ದಾಳ. ಮರಿಗಳ್ನ ಏಳ ಮನಿ ತಿರುಗಸ್ತಾಳ ಬೆಕ್ಕು. ಎಲ್ಲೋ ಬೆಚ್ಚಗ ಇಟ್ಟಿರತಾಳ.’

ಆಗ ನನಗೆ ಎಲ್ಲ ತಿಳಿದಂತಾಯಿತು. ಅತ್ತೆಯ ಕೂಸನ್ನೂ ಹೀಗೇ ಯಾರದೋ ಮನೆಯಲ್ಲಿ ಬೆಚ್ಚಗೆ ಇಟ್ಟಿದ್ದಾರೆ. ಎಲ್ಲಿ ಎಂಬುದು ಇವರಿಗೆ ಮರೆತಿದೆ. ನಾನು ಓಣಿಗೆ ಓಡಿದೆ. ಮೊದಲು ಕಾಕೂ. ಅವಳು ಜೋಳ ಹಸನು ಮಾಡುತ್ತಿದ್ದಳು. ‘ಕಾಕೂ, ನಮ್ಮ ಅತ್ತಿ ಕೂಸು ನಿಮ್ಮ ಮನ್ಯಾಗ ಐತೇನ್ರಿ?’ ಕಾಕೂ ಮೊರ ಕೆಳಗಿಟ್ಟು ನನ್ನ ಕೈಯಲ್ಲಿ ಬೆಲ್ಲದ ತುಣುಕು ಇಟ್ಟಳು. ಉಳಿದ ಮನೆಗಳಲ್ಲೂ ಹಾಗೇ. ಯಾರೂ ಇಲ್ಲ ಎನ್ನಲಿಲ್ಲ, ಇದೆ ಎನ್ನಲೂ ಇಲ್ಲ. ಕೊನೆಗೆ ಕಾಕೂನ ಹಿತ್ತಿಲಿನ ಸಗಣಿ ಕುಳ್ಳಿನ ಒಟ್ಟಿಲಿನ ಸಂದಿಯಲ್ಲಿ ಬೆಕ್ಕು ಸಿಕ್ಕಿತು. ಮರಿಗಳ ನಡುವೆ ಚೆನ್ನಾಗಿ ಹುಡುಕಿ ನೋಡಿ, ಮನೆಗೆ ಓಡಿಬಂದು ಹೇಳಿದೆ: ‘ಅತ್ತಿ, ಬೆಕ್ಕಿನ ಮರಿ ಸಿಕ್ಕಾವ. ನಿನ್ನ ಕೂಸು ನಮ್ಮ ಓಣ್ಯಾಗ ಇಲ್ಲ. ನಾಳಿ ಆಚಿ ಓಣಿ ನೋಡ್ತೀನಿ.’

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ನನ್ನನ್ನು ಹತ್ತಿರ ಎಳೆದುಕೊಂಡಳು. ‘ಎಲ್ಲಿ ಹುಡುಕಿದ್ರೂ ಸಿಗೂದಿಲ್ಲ ಸುಮಿ. ನಮ್ಮ ಕೂಸು ಹುಟ್ಟಿದ ದಿನಾನ ಸತ್ತು ಹೋತು’ ಎಂದಳು. ಆ ಮಾತನ್ನು ಆ ಮನೆಯಲ್ಲಿ ಯಾರಾದರೂ ಆಡಿದ್ದು ಅದೇ ಮೊದಲು. ಆಮೇಲೆ, ‘ಆಕಿ ಮರಿ ಎಲ್ಲಿ ಇಟ್ಟಾಳ, ತೋರಸು’ ಎಂದು ಎದ್ದು ನಿಂತಳು. ಬಾಣಂತಿ ಗಾಳಿಗೆ ಹೋಗಬಾರದು ಎಂದು ಆಯಿ ಗದರುತ್ತಾಳೆಂದುಕೊಂಡೆ. ಆಯಿ ಹಿಂದಿನಿಂದ ಬಂದು ಅತ್ತೆಯ ಕಿವಿಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿದಳು, ಅಷ್ಟೆ. ಕುಳ್ಳಿನ ಒಟ್ಟಿಲಿನ ಮುಂದೆ ಅತ್ತೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತಿದ್ದಳು. ಮನೆಗೆ ಬಂದು, ‘ಯವ್ವಾ, ಉಣ್ಣಾಕ ಏನೈತಿ?’ ಎಂದು ಆಯಿಯನ್ನು ಕೇಳಿದಳು. ಸತ್ತದ್ದೆಂದರೆ ಎಲ್ಲಿಗೆ ಹೋದದ್ದು, ಕೂಸಿಲ್ಲದ ಮೇಲೆ ಈ ಹೊಗೆ, ಈ ಅಂಟಿನುಂಡಿ ಯಾರಿಗಾಗಿ, ನನಗೆ ಆಗಲೂ ತಿಳಿಯಲಿಲ್ಲ. ಎಲ್ಲವೂ ತಿಳಿದಿದೆ ಎಂದು ಈಗಲೂ ಹೇಳಲಾರೆ.

ಕೆಲವು ವಾರಗಳ ಮೇಲೆ ಅತ್ತೆಯ ಗಂಡ, ನಮ್ಮ ಮಾಮಾ, ಮಿಲ್ಲಿಗೆ ರಜೆ ಹಾಕಿ ಬಂದು ಅತ್ತೆಯನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ತವರಿನಿಂದ ಕೊಟ್ಟು ಕಳಿಸಬೇಕಾದ ತೊಟ್ಟಿಲು ನಮ್ಮ ಅಟ್ಟದ ಮೇಲೆಯೇ ಉಳಿಯಿತು. ಕೌದಿಯನ್ನು ಅತ್ತೆ ಹೊರಸಿನ ಕೆಳಗೆ ಮತ್ತೆ ಹಾಸಿ ಬಿಟ್ಟು ಹೋಗಿದ್ದಳು.

ಮರುದಿನ ಬೆಕ್ಕು ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗಿ ಬಂದು ಅದರ ಮೇಲೆ ಇಟ್ಟಿತು. ಆಯಿ ನೋಡುತ್ತ ನಿಂತಿದ್ದಳು. ಆಮೇಲೆ ಆರಿದ ಶೇಗಡಿಯ ಬೂದಿ ಚೆಲ್ಲಿ, ಒಲೆಯಿಂದ ಹೊಸ ಕೆಂಡ ತುಂಬಿ ತಂದು, ಮೇಲೊಂದು ಚಿಟಿಕೆ ಅಜವಾನ ಉದುರಿಸಿದಳು.