ಥೆರಪಿಗೆ ಹೋಗುವ ಮುನ್ನ ಹೊಟ್ಟೆ ತುಂಬ ತಿನ್ನಿ

ಮನಸ್ಸಿನ ಡಾಕ್ಟರ ಹತ್ತಿರ ಮೊದಲ ಸಲ ಹೋಗುವಾಗ ಹೊಟ್ಟೆ ಖಾಲಿ ಇರಬೇಕೋ ತುಂಬಿರಬೇಕೋ, ಹೇಳಿ ನೋಡೋಣ? ಗೊತ್ತಿಲ್ಲ ತಾನೇ? ನನಗೂ ಗೊತ್ತಿರಲಿಲ್ಲ. ರಕ್ತ ಪರೀಕ್ಷೆಗೆ ಹೋಗುವವಳಂತೆ ಕಾಫಿಯನ್ನೂ ಕುಡಿಯದೆ ಹೋದೆ. ಕಂಕುಳಲ್ಲಿ ಬಿಪಿ, ಶುಗರು, ಮಂಡಿಯ ಎಕ್ಸ್‌ರೇ ಎಲ್ಲ ತುಂಬಿದ ಫೈಲು ಬೇರೆ. ಥೆರಪಿ ಮಾಡುವ ಹುಡುಗಿ ಫೈಲನ್ನು ಬಿಚ್ಚಲೇ ಇಲ್ಲ. ಹತ್ತು ನಿಮಿಷದಲ್ಲಿ ನನ್ನ ಹೊಟ್ಟೆ ನನಗಿಂತ ಜೋರಾಗಿ ಮಾತಾಡತೊಡಗಿತು. ಅದಕ್ಕೇ ಹೇಳುವುದು, ತಿಂದು ಹೋಗಿ.

ಹೋಗಿದ್ದು ಅಕ್ಕನ ಕೂದಲಿಗಾಗಿ. ಅಕ್ಕ ಇರುವುದು ಕೆಲಮಂಗಲದಲ್ಲಿ, ನನಗಿಂತ ಏಳು ವರ್ಷ ದೊಡ್ಡವಳು. ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ಕೂದಲು ಮಾತ್ರ ಈಗಲೂ ಸೊಂಟದವರೆಗೆ ಇದೆ. ಪ್ರತಿ ಗುರುವಾರ ನಾನು ಹೊಸೂರಿನಲ್ಲಿ ಬಸ್ಸು ಹತ್ತಿ ಹೋಗಿ, ಅವಳ ತಲೆಗೆ ಹರಳೆಣ್ಣೆ ಹಚ್ಚಿ, ಬಾಚಿ, ಜಡೆ ಹಾಕಿ, ಅವಳ ಕೈಯಡುಗೆ ಉಂಡು ಸಂಜೆಗೆ ವಾಪಸಾಗುತ್ತಿದ್ದೆ. ಒಂದು ಗುರುವಾರ ಎಮ್ಮೆಯೊಂದು ಅಡ್ಡ ಬಂದು ಡ್ರೈವರು ಬ್ರೇಕ್ ಒತ್ತಿದ. ನಾನು ಸೀಟುಗಳ ನಡುವೆ ಬಿದ್ದೆ. ನಾಲ್ಕು ಬಳೆ ಒಡೆದವು, ಅಷ್ಟೇ. ಆದರೆ ಮುಂದಿನ ವಾರ ಬಸ್ಸಿನ ಮೆಟ್ಟಿಲಿಗೆ ಕಾಲಿಡಲು ಹೋದರೆ ಎದೆಯೊಳಗೆ ತಮಟೆ, ಅಂಗೈ ತುಂಬ ಬೆವರು. ಮನೆಗೆ ಬಂದುಬಿಟ್ಟೆ. ಆಟೋ, ಕಾರು ಅಂದರೂ ಊರು ದಾಟುವ ಹೊತ್ತಿಗೆ ಅದೇ ಕತೆ.

ಅಕ್ಕನಿಗೆ ನಿಜ ಹೇಳಲು ನಾಚಿಕೆ. ಸಾನಮಾವು ಕಾಡಿನಿಂದ ಆನೆ ಇಳಿದಿವೆಯಂತೆ, ರಸ್ತೆಗೆ ಬರುವ ಹಾಗಿಲ್ಲ ಎಂದು ಫೋನಿನಲ್ಲಿ ಹೇಳಿದೆ. ಮುಂದಿನ ವಾರವೂ ಆನೆ. ಅದರ ಮುಂದಿನ ವಾರ ಮಂಡಿನೋವು, ಆಮೇಲೆ ಮತ್ತೆ ಆನೆ. ಹೀಗೆ ಎಂಟು ತಿಂಗಳು ತಳ್ಳಿದೆ. ಕೊನೆಗೆ ಒಂದು ದಿನ ಅಕ್ಕ ಶಾಂತವಾಗಿ ಹೇಳಿದಳು:

"ಬಾಚೋರಿಲ್ದೆ ಎಲ್ಲಾ ಸಿಕ್ಕಾಗೋಗದೆ ಕಣೆ. ಕಾರ್ತೀಕ ಬರೋದ್ರೊಳಗೆ ಕತ್ತರ್ಸಾಕ್ಬುಡ್ತೀನಿ."

ಎಪ್ಪತ್ತೈದು ದಾಟಿದರೂ ತನ್ನ ಕೂದಲಿನ ಬಗ್ಗೆ ಜಂಬ ಬಿಡದವಳು ಅವಳು. ಫೋನು ಇಟ್ಟು ಸೊಸೆಯ ಮುಂದೆ ಕೂತು ಎಲ್ಲ ಹೇಳಿದೆ. ಎದೆಯ ಡಾಕ್ಟರು ಗುಂಡಿಗೆ ಗಟ್ಟಿಯಾಗಿದೆ ಎಂದು ಆಗಲೇ ಹೇಳಿದ್ದರು. ಸೊಸೆ ಹುಡುಕಿ ಈ ಥೆರಪಿಸ್ಟ್ ಹುಡುಗಿಯನ್ನು ಹಿಡಿದಳು. ಫೋನಿನಲ್ಲಿ ಸೊಸೆ ಕೇಳಿದ್ದು ಫೀಸು ಮತ್ತು ಸಮಯ, ನಾನು ಕೇಳಿಸಿದ್ದು ಭಾಷೆ. ತಮಿಳಿನಲ್ಲಿ ನಾನು ಜಗಳ ಆಡಬಲ್ಲೆ, ತೆಲುಗಿನಲ್ಲಿ ಚೌಕಾಸಿ ಮಾಡಬಲ್ಲೆ, ಅಳುವುದಕ್ಕೆ ಮಾತ್ರ ಕನ್ನಡವೇ ಬೇಕು. ನೀವೂ ಮೊದಲು ಅದನ್ನೇ ಕೇಳಿ.

ಸೊಸೆಯ ಸ್ಕೂಟರಿನಲ್ಲಿ ಹೋದೆವು. ನನ್ನ ಕಾಯಿಲೆಗಳನ್ನೆಲ್ಲ ಡಾಕ್ಟರಿಗೆ ಒಪ್ಪಿಸುವುದು ಯಾವಾಗಲೂ ಸೊಸೆಯೇ, ನಾನು ನಾಲಿಗೆ ಚಾಚುವುದಷ್ಟೇ. ಇಲ್ಲಿ ಸೊಸೆಯನ್ನು ನಯವಾಗಿ ಹೊರಗೆ ಕೂರಿಸಿದರು. ಇಲ್ಲಿ ಆಡಿದ ಮಾತು ಕರೆತಂದವರಿಗೂ ಹೋಗುವುದಿಲ್ಲ, ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆ ಎಂದಳು ಆ ಹುಡುಗಿ. ಅದನ್ನು ಕೇಳಿದ್ದೇ ತಡ, ಮೊದಲ ಅರ್ಧ ಗಂಟೆ ಸೊಸೆಯ ಸಾರಿನ ಬಗ್ಗೆಯೇ ಹೇಳಿದೆ. ಕೊಡಲು ತಂದಿದ್ದ ಅವರೆಕಾಯಿ ಚೀಲವನ್ನು ಆ ಹುಡುಗಿ ತೆಗೆದುಕೊಳ್ಳಲಿಲ್ಲ. ಮದುವೆ ಆಗಿದೆಯಾ ಎಂದರೆ ನಕ್ಕು, ನನ್ನ ಕಡೆಗೇ ಮಾತು ತಿರುಗಿಸಿದಳು. ಮಾತ್ರೆ ಬೇಡ, ಒಂದು ಟಾನಿಕ್ಕಾದರೂ ಬರೆಯಮ್ಮ ಎಂದೆ. ಅದನ್ನೂ ಬರೆಯಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಅವರ ಕೆಲಸವೇ ಹಾಗೆ.

ನಾವು ಈ ಥೆರಪಿ ಮುಗಿಸುವ ಹೊತ್ತಿಗೆ ನಿಮಗೆ ಏನು ಸಾಧ್ಯವಾಗಿರಬೇಕು ಎಂದು ಕೇಳಿದಳು. ಬಸ್ಸಿಗೆ ಹೆದರುವ ಮುದುಕಿ ಅನ್ನಿಸಿಕೊಳ್ಳಲು ಇಷ್ಟವಿಲ್ಲದೆ, ಒಳ್ಳೆಯ ನಿದ್ದೆ ಬರಬೇಕು ಎಂದೆ. ನಾನು ಮಲಗಿದರೆ ಗೊರಕೆಗೆ ಬೆಕ್ಕು ಎದ್ದು ಹೋಗುತ್ತದೆ. ಎರಡು ವಾರ ಅವಳು ಪಾಪ ನನ್ನ ನಿದ್ದೆಯನ್ನೇ ವಿಚಾರಿಸಿದಳು.

ಮೂರನೇ ವಾರ ಸೊಸೆಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ಆಟೋ ದುಬಾರಿ, ಹೋಗಬೇಕಾದರೆ ಟೌನ್ ಬಸ್ಸೇ ಗತಿ. ಫೋನು ಮಾಡಿ, ಅಭ್ಯಾಸಬಲದಿಂದ, ಆನೆ ಬಂದಿವೆ ಎಂದುಬಿಟ್ಟೆ.

"ಎಷ್ಟಿದಾವೆ ಅಜ್ಜಿ?" ಎಂದಳು.

"ಐದು. ಜೊತೆಗೊಂದು ಮರಿ."

ಹುಷಾರಾಗಿರಿ ಎಂದು ಫೋನಿಟ್ಟಳು. ಐದು ಆನೆಗಳೇನೋ ಹೋದವು, ಆ ಮರಿ ಮಾತ್ರ ವಾರವೆಲ್ಲ ನನ್ನ ಹಿಂದೆಯೇ ಸುತ್ತಿತು. ಮುಂದಿನ ಸಲ ಕುರ್ಚಿಯಲ್ಲಿ ಕೂರುವ ಮೊದಲೇ ಎಲ್ಲ ಕಕ್ಕಿದೆ: ಬಸ್ಸು, ತಮಟೆ, ಅಕ್ಕ, ಕತ್ತರಿ. ಬೈಯುತ್ತಾಳೆ ಎಂದುಕೊಂಡೆ. ಅವಳು ಪುಸ್ತಕದಲ್ಲಿ ಬರೆದುಕೊಂಡಿದ್ದ ನಿದ್ದೆಯ ಮೇಲೆ ಗೀಟು ಎಳೆದಳು.

"ಅಕ್ಕನ ತಲೆ ಬಾಚ್ಬೇಕು. ಅಷ್ಟೇ ಅಲ್ವಾ ಅಜ್ಜಿ ನಮ್ಮ ಕೆಲ್ಸ?"

ಸುಳ್ಳು ಹೇಳಿದರೂ ಪರವಾಗಿಲ್ಲ, ವಾಪಸು ತೆಗೆದುಕೊಳ್ಳಬಹುದು. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ, ಹೇಳಿದ್ದರೆ ಮೂರು ವಾರ ಉಳಿಯುತ್ತಿತ್ತು.

ಹೋಂವರ್ಕ್ ಕೊಡುತ್ತಾರೆ ಎಂದೂ ಹೇಳಿರಲಿಲ್ಲ. ಮೊದಲ ವಾರ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತು ಬಸ್ಸು ನೋಡುವುದು. ಕಡಲೆಕಾಯಿ ತಿನ್ನುತ್ತ ಚೆನ್ನಾಗಿಯೇ ಮಾಡಿದೆ. ಎರಡನೇ ವಾರ ನಿಂತ ಬಸ್ಸು ಹತ್ತಿ ಇಳಿಯುವುದು. ನಾಲ್ಕನೇ ಸಲ ಹತ್ತಿದಾಗ ಕಂಡಕ್ಟರು, ಪಾಟಿ, ಅಂದರೆ ಅಜ್ಜಿ, ನೀವು ಹೊರಟಿದ್ದೋ ಬಂದಿದ್ದೋ ಎಂದು ತಮಿಳಿನಲ್ಲಿ ಕೇಳಿದ. ಎರಡೂ ಎಂದೆ. ಆಮೇಲೆ ಒಂದು ಸ್ಟಾಪು, ಎರಡು ಸ್ಟಾಪು. ತಮಟೆ ಶುರುವಾದರೆ ಪಾದವನ್ನು ನೆಲಕ್ಕೆ ಒತ್ತಿ ಕಾಯಬೇಕು, ಬಡಿದು ಬಡಿದು ಅದಕ್ಕೇ ಸುಸ್ತಾಗುತ್ತದೆ. ಒಂದು ವಾರ ಸುಸ್ತಾದವಳು ನಾನೇ. ನಡುವೆ ಇಳಿದು ಅಳುತ್ತ ನಡೆದು ಬಂದೆ. ಅದೂ ಲೆಕ್ಕಕ್ಕೆ ಸೇರುತ್ತದೆ ಎಂದಳು ಹುಡುಗಿ.

ಕಾರ್ತೀಕಕ್ಕೆ ಇನ್ನು ಒಂಬತ್ತು ದಿನ ಇರುವಾಗ, ಒಂದು ಗುರುವಾರ, ಕೆಲಮಂಗಲದಲ್ಲಿ ಇಳಿದೆ. ಬಾಯಿ ತಾನಾಗಿ ನಗುತ್ತಿತ್ತು. ಅಕ್ಕ ಜಗಲಿಯ ಮೇಲೆ ಕೂತಿದ್ದಳು. ತಲೆ ಗುಬ್ಬಿಗೂಡಾಗಿತ್ತು, ಆದರೆ ಇತ್ತು. ಪಕ್ಕದಲ್ಲಿ ಎಣ್ಣೆ ಬಟ್ಟಲು, ಬಾಚಣಿಗೆ. ಬರುತ್ತೇನೆಂದು ನಾನು ಹೇಳಿರಲಿಲ್ಲ, ಪ್ರತಿ ಗುರುವಾರವೂ ಅವು ಅಲ್ಲಿ ಇರುತ್ತಿದ್ದವಂತೆ.

ಅವಳ ಹಿಂದೆ ಕೂತು, ಆನೆಗಳು ಇರಲೇ ಇಲ್ಲ ಕಣಕ್ಕ, ಹೆದರಿಕೆ ಇತ್ತು ಎಂದೆ.

ಅಕ್ಕ ತಿರುಗಲಿಲ್ಲ. "ಆನೆ ಇಳಿದ್ರೆ ಮೊದ್ಲು ಗೊತ್ತಾಗೋದು ನಮ್ಗೆ ಕಣೆ. ಇಷ್ಟು ತಿಂಗ್ಳಿಂದ ನಿನ್ನ ಆನೆಗಳ್ನೆಲ್ಲ ನಾನೇ ಮೇಯಿಸ್ತಿವ್ನಿ. ಈಗ ಬಾಚು."