ಆಡಿಟರು ತಿನ್ನದ ವಡೆ

ಅವರ ಎರಡೂ ಕಿವಿಗಳಿಂದ ಬಿಳಿ ಕೂದಲು ಹೊರಗೆ ಚಾಚಿಕೊಂಡಿತ್ತು, ಹಳೇ ಗೋಡೆಯ ಬಿರುಕಿನಲ್ಲಿ ಹುಲ್ಲು ಎದ್ದ ಹಾಗೆ. ಲೆಕ್ಕ ಓದಿಸಿಕೊಳ್ಳುವಾಗ ಕಣ್ಣು ಮುಚ್ಚಿ ಆ ಕೂದಲನ್ನು ಬೆರಳಲ್ಲಿ ಸವರುತ್ತಾ ಕೂರುತ್ತಿದ್ದರು. ಮೊದಲ ಸಲ ನೋಡಿದಾಗ ಮುದುಕ ನಿದ್ದೆ ಹೋದ ಅಂದುಕೊಂಡೆ. ನಮ್ಮ ಸಂಘದ ಆಡಿಟರು ಅವರು.

ನೀಲಗಿರಿಯ ಕೋತಗಿರಿಯಿಂದ ಬಸ್ಸಿನಲ್ಲಿ ಬಂದು ಇಳಿಜಾರು ಇಳಿದರೆ ನಮ್ಮ ಊರು. ಒಬ್ಬೊಬ್ಬರಿಗೂ ತುಂಡು ತುಂಡು ಟೀ ತೋಟ. ಕಿತ್ತ ಎಲೆಯನ್ನು ಫ್ಯಾಕ್ಟರಿಗೆ ಸಾಗಿಸಲು ಏಜೆಂಟನ ಗಾಡಿಯೇ ಗತಿ. ಎಲೆ ನೆಂದಿದೆ ಅಂತ ತೂಕದಲ್ಲಿ ಕಡಿಯುತ್ತಿದ್ದ. ಸುಡುವ ಬಿಸಿಲಿನಲ್ಲೂ ನೆಂದಿದೆ ಅನ್ನುತ್ತಿದ್ದ. ಬ್ಯಾಂಕಿನಲ್ಲಿ ಸಾಲ ಎತ್ತಿ ನಮ್ಮದೇ ಗಾಡಿ ತೆಗೆಯೋಣ ಅಂತ ನಾವು ಹೆಂಗಸರು ಸಂಘ ಕಟ್ಟಿದೆವು. ಬಾಯಿ ಜೋರು ಅಂತ ನನ್ನನ್ನು ಅಧ್ಯಕ್ಷೆ ಮಾಡಿದರು. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಲೆಕ್ಕ ಬರೆಯುತ್ತಿದ್ದವಳು ನನ್ನ ನಾದಿನಿಯ ಮಗಳು. ಅವಳು ಬೆರಳಿಟ್ಟ ಕಡೆ ನಾನು ಸಹಿ ಗೀಚುತ್ತಿದ್ದೆ.

ಲೆಕ್ಕ ಬರೆಯುವ ಕ್ರಮ ಹೇಳಿಕೊಡಲು ಆಡಿಟರು ಒಂದು ದಿನ ಊರಿಗೆ ಬಂದರು. ವಡೆ ಕರಿದು ಟೀ ಕಾಯಿಸಿ ಇಟ್ಟೆವು. ಮುಟ್ಟಲಿಲ್ಲ. ಚೀಲದಿಂದ ಫ್ಲಾಸ್ಕ್ ತೆಗೆದು ತಾವು ತಂದ ಟೀ ಬಗ್ಗಿಸಿಕೊಂಡರು.

“ಟೀ ಬೆಳೆಯೋ ಊರಿಗೆ ಟೀ ಹೊತ್ಕೊಂಡ್ ಬಂದಿದ್ದೀರಲ್ಲ ಸಾರ್, ನಾಚ್ಕೆ ಆಗಲ್ವಾ?” ಅಂದೆ.

“ಆಗುತ್ತೆ. ಆದ್ರೂ ತರ್ತೀನಿ. ಲೆಕ್ಕ ನೋಡೋ ಕಡೆ ಬಾಯಿ ನೆನೆಸಿದ್ರೆ ಆಮೇಲೆ ನಾಲಿಗೆ ಏಳಲ್ಲ.”

ನಮ್ಮ ಕಡೆ ಬಾಗಿಲಿಗೆ ಬಂದ ಶತ್ರುವಿಗೂ ಒಂದು ಲೋಟ ಟೀ ಕೊಡದೆ ಕಳಿಸುವುದಿಲ್ಲ. ಊರಿಗೆಲ್ಲ ಅವಮಾನವಾಯಿತು. ಅವರು ಹೋದ ಮೇಲೆ ವಡೆಯನ್ನು ನಾವೇ ತಿಂದೆವು, ಬೈಯುತ್ತಾ.

ವರ್ಷದ ಲೆಕ್ಕ ಮುಗಿಸಿ ನಾನೂ ಹುಡುಗಿಯೂ ಕೋತಗಿರಿಗೆ ಅವರ ಆಫೀಸಿಗೆ ಹೋದೆವು. ಅವರ ಸಹಿ ಬಿದ್ದರೆ ಬ್ಯಾಂಕು ಸಾಲ ಕೊಡುತ್ತದೆ. ಮಳೆ ಹಿಡಿದು ಎಲೆ ಏಳುವ ಮೊದಲೇ ಗಾಡಿ ಬರಬೇಕು. ಅವರು ಲೆಕ್ಕ ತಿರುವಿ ಹಾಕಿ ನನ್ನ ಕಡೆ ತಳ್ಳಿದರು.

“ಅಧ್ಯಕ್ಷರೇ, ಇದರಲ್ಲಿ ಏನಿದೆ ಹೇಳಿ.”

“ಅವ್ಳು ಬರ್ದವ್ಳೆ, ಸರಿಯಾಗೇ ಇರ್ತದೆ.”

“ಸಹಿ ನಿಮ್ಮದು. ನಿಮ್ಮನ್ನ ಕೇಳ್ತಿದ್ದೀನಿ.”

“ನಂಗೆ ಓದಕ್ಕೆ ಬರಾಕಿಲ್ಲ ಸಾರ್.”

“ಕಿವಿ ಕೇಳುತ್ತಲ್ಲ? ಶನಿವಾರ ನನ್ನ ಕ್ಲಾಸಿಗೆ ಬಂದು ಕೂರಿ. ಅಲ್ಲೀವರೆಗೆ ನಾನು ಸಹಿ ಹಾಕಲ್ಲ.”

“ಸಾಲ ತಡ ಆಯ್ತದೆ!”

“ಆಗ್ಲಿ.”

ಬಸ್ಸಿನುದ್ದಕ್ಕೂ ಅವರ ಮನೆತನವನ್ನೇ ಬೈದುಕೊಂಡು ಬಂದೆ. ಶನಿವಾರ ಹೋದೆ. ಗಾಡಿ ಬೇಕಿತ್ತಲ್ಲ.

ಆಫೀಸಿನ ಪಕ್ಕದ ಕೋಣೆಯಲ್ಲಿ ಅವರು ಕಾಲೇಜು ಹುಡುಗರಿಗೆ ಪಾಠ ಹೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂತೆ. ಒಬ್ಬ ತಿರುಗಿ, “ಅಜ್ಜಿ, ನೀವೂ ಪರೀಕ್ಷೆ ಬರೀತೀರಾ?” ಅಂತ ಹಲ್ಲು ಕಿರಿದ. “ನೀನ್ ಪಾಸಾಗು ಮೊದ್ಲು, ಆಮೇಲ್ ನನ್ ವಿಚಾರ” ಅಂದೆ.

ಆಡಿಟರು ನಗಲಿಲ್ಲ. “ಅವರು ಕ್ಲಾಸನ್ನ ಆಡಿಟ್ ಮಾಡ್ತಿದ್ದಾರೆ” ಅಂದರು. ಹುಡುಗರು ಪಿಳಿಪಿಳಿ ನೋಡಿದರು. ಅವರೇ ಬಿಡಿಸಿ ಹೇಳಿದರು. ಪರೀಕ್ಷೆ, ಮಾರ್ಕು, ಸರ್ಟಿಫಿಕೇಟು ಯಾವುದೂ ಬೇಡ, ಸುಮ್ಮನೆ ಕೂತು ಪಾಠ ಕೇಳುತ್ತೇನೆ ಅಂದರೆ ದೊಡ್ಡ ಕಾಲೇಜುಗಳಲ್ಲಿ ಅದಕ್ಕೂ ಆಡಿಟ್ ಅನ್ನುತ್ತಾರಂತೆ. ಹಿಂದಿನ ಕಾಲದಲ್ಲಿ ಲೆಕ್ಕವನ್ನೂ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರಂತೆ. ಕೇಳುವುದು ಅಂತಲೇ ಆ ಮಾತಿನ ಅರ್ಥವಂತೆ. “ನಾವು ಪೊಲೀಸರಲ್ಲ, ಕಳ್ಳರನ್ನ ಹಿಡಿಯೋಕೆ ಹೋಗೋದಲ್ಲ. ಬರೆದದ್ದೂ ನಡೆದದ್ದೂ ಒಂದೇನಾ ಅಂತ ಕಿವಿಗೊಟ್ಟು ಕೇಳೋರು.”

ಪಾಠ ಅರ್ಧ ಇಂಗ್ಲಿಷು, ಅರ್ಧ ತಮಿಳು. ನನಗಾಗಿ ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದರು. ತಲೆಗೆ ಹೋದದ್ದು ಸ್ವಲ್ಪ. ಆದರೆ ಖರ್ಚು ಅಂತ ಓದಿದೊಡನೆ ಯಾರಿಗೆ, ಯಾಕೆ, ಕಂಡವರು ಯಾರು ಅಂತ ಕೇಳಬೇಕು ಅನ್ನುವುದು ಹೋಯಿತು.

ಕೆಲವು ವಾರ ಕಳೆದ ಮೇಲೆ ಅವರೇ ಊರಿಗೆ ಬಂದು, ಹೆಂಗಸರನ್ನೆಲ್ಲ ಸೇರಿಸಿ, ಹುಡುಗಿಯಿಂದ ಇಡೀ ಲೆಕ್ಕ ಓದಿಸಿದರು. ಅವರು ಕಣ್ಣು ಮುಚ್ಚಿ ಕೂತರು, ನಾನೂ ಮುಚ್ಚಿಕೊಂಡೆ. ಹುಡುಗಿ ಓದುತ್ತಾ, “ಆಡಿಟರ್ ಅವರಿಗೆ ಟೀ, ವಡೆ ಉಪಚಾರ” ಅಂದಳು.

“ನಿಲ್ಸೇ” ಅಂದೆ. “ಇವ್ರೆಲ್ಲಿ ತಿಂದ್ರು? ತಿಂದೋರು ನಾವು.”

ಹುಡುಗಿಯ ಮುಖ ಸಣ್ಣಗಾಯಿತು. “ಬಂದೋರಿಗೆ ಏನೂ ಕೊಡ್ಲಿಲ್ಲ ಅಂತ ಹೆಂಗ್ ಬರೀಲಿ ಅತ್ತೆ? ಬ್ಯಾಂಕಿನೋರು ಓದುದ್ರೆ ಊರಿನ ಮಾನ ಏನಾಯ್ತದೆ?”

“ಒಂದ್ ವಡೆಗೋಸ್ಕರ ಸಾಲ ಕೆಡಿಸ್ತೀಯೇನೇ?” ಅಂತ ಪಕ್ಕದ ಮನೆಯವಳು ನನ್ನ ಮೇಲೆ ಹಾರಿದಳು.

ಆಡಿಟರು ಕಣ್ಣು ಬಿಟ್ಟರು.

“ನಿಮ್ಗೆ ಮೊದ್ಲೇ ಗೊತ್ತಿತ್ತಾ ಸಾರ್?” ಅಂದೆ.

“ತಿನ್ನದ ವಡೆ ಮರೆಯೋಕಾಗುತ್ತಾ?”

“ಅವತ್ತೇ ಹೇಳಕ್ಕೇನಾಗಿತ್ತು ರೋಗ?”

“ನಾನು ಹೇಳಿದ್ರೆ ನಾನು ಹಿಡಿದ ಹಾಗೆ. ನೀವು ಹೇಳಿದ್ರೆ ಸಂಘ ತಾನೇ ಸರಿಮಾಡ್ಕೊಂಡ ಹಾಗೆ.” ಆಮೇಲೆ ಹುಡುಗಿಯ ಕಡೆ ತಿರುಗಿ, “ವಡೆ ಸಂಘದವರು ತಿಂದ್ರು ಅಂತ ಬರಿಯಮ್ಮ. ತಿನ್ನೋದು ತಪ್ಪಲ್ಲ” ಅಂದರು. ಬೈಯಲಿಲ್ಲ. ಅಲ್ಲೇ ಸಹಿ ಹಾಕಿದರು.

ಸಾಲ ತಡವಾಗಿಯೇ ಬಂತು. ಆ ಮಳೆಗಾಲದ ಎಲೆಯೆಲ್ಲ ಏಜೆಂಟನ ಗಾಡಿಯಲ್ಲೇ ಹೋಯಿತು, ತೂಕ ಕಡಿಸಿಕೊಂಡು. ಹೆಂಗಸರು ನನಗೆ ಹಿಡಿಶಾಪ ಹಾಕಿದರು. ನಾನು ಅದನ್ನೆಲ್ಲ ಆಡಿಟರಿಗೆ ದಾಟಿಸಿದೆ. “ನಷ್ಟ ನಿಜ. ಅದಕ್ಕೆ ನಾನೂ ಕಾರಣ” ಅಂದರು. ಅಷ್ಟೇ. ಸಮಾಧಾನದ ಮಾತು ಹೇಳುವ ಜನ್ಮವಲ್ಲ ಅದು. ಮುಂದಿನ ಹಂಗಾಮಿಗೆ ನಮ್ಮದೇ ಗಾಡಿ ಎಲೆ ಹೊತ್ತಿತು. ಗಾಡಿ ಬಂದ ಮೇಲೂ ನಾನು ಶನಿವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಯಾಕೆ ಅಂತ ಅವರೂ ಕೇಳಲಿಲ್ಲ.

ಹೋದ ಚಳಿಗಾಲ ಅವರು ತೀರಿಕೊಂಡರು. ಎದೆನೋವು. ಹೋಗಿ ಮುಖ ನೋಡಿ ಬಂದೆ. ಅಳು ಬರಲಿಲ್ಲ, ಗಂಡ ಸತ್ತಾಗಲೂ ನನಗೆ ಬಂದಿರಲಿಲ್ಲ.

ಸಂಘದಲ್ಲಿ ಈಗ ತಿಂಗಳು ತಿಂಗಳೂ ಲೆಕ್ಕವನ್ನು ಗಟ್ಟಿಯಾಗಿ ಓದುತ್ತೇವೆ. ಮೊನ್ನೆ, ಪಕ್ಕದ ಮನೆಗೆ ಮದುವೆಯಾಗಿ ಬಂದು ವರ್ಷ ತುಂಬದ ಸೊಸೆ ನಡುವೆ ಕೈ ಎತ್ತಿದಳು.

“ನಿಲ್ಸಿ. ಬ್ಯಾಂಕಿಗೆ ಬಸ್ ಇರುವಾಗ ಅಧ್ಯಕ್ಷರು ಆಟೋದಲ್ಲಿ ಯಾಕೆ ಹೋದ್ರು?”

ನಿನ್ನೆ ಬಂದವಳು ನನ್ನನ್ನು ಕೇಳುವುದೇ ಅಂತ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ನುಂಗಿ, ಮಂಡಿ ಹಿಡಿದುಕೊಂಡು ಎದ್ದು ನಿಂತೆ.

“ಮಣ್ಣು ಕುಸ್ದು ಅವತ್ತು ಬಸ್ ಬರ್ಲಿಲ್ಲ. ಆಟೋ ಡ್ರೈವರ್ ನಮ್ಮೂರಿನೋನೇ, ಕೇಳ್ಕೋ” ಅಂದೆ.

ಅವಳು ಎತ್ತಿದ ಕೈ ಇಳಿಸಿದಳು. ಆಮೇಲೆ, “ಸರಿ, ಮುಂದಕ್ಕೆ ಓದಿ” ಅಂದಳು.