ಅಜ್ಜಿಗೆ ಬಂದು ಹೋದ ಕಾಮಾಲೆ

ಗುಬ್ಬಿ ಹತ್ತಿರದ ಹಳ್ಳಿಯೊಂದರಲ್ಲಿ ಆರೋಗ್ಯ ಇಲಾಖೆಯಿಂದ, ನೀರಿನಿಂದ ಹರಡುವ ಕಾಮಾಲೆಯ (ಹೆಪಟೈಟಿಸ್ ಎ) ಸರ್ವೆಗೆಂದು ರಕ್ತ ತಗೊಂಡಿದ್ದೆವು. ರಿಸಲ್ಟ್ ಹೇಳಲು ಹೋದಾಗ ಅಜ್ಜಿಯೊಬ್ಬರು ಜಗಲಿ ಮೇಲೆ ಪೊರಕೆಗೆ ತೆಂಗಿನ ಗರಿ ಸೀಳುತ್ತಿದ್ದರು.

“ನಿಮಗೆ ಯಾವಾಗಲೋ ಕಾಮಾಲೆ ಸೋಂಕು ಬಂದು ಹೋಗಿದೆ ಅಜ್ಜಿ. ಅದು ಇನ್ನು ನಿಮ್ಮ ಹತ್ತಿರ ಸುಳಿಯಲ್ಲ,” ಅಂದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ.

ಗರಿ ಸೀಳುವುದು ನಿಂತಿತು. “ನಮ್ಮನೇಲಿ ಯಾರ್ಗೂ ಕಾಮಾಲೆ ಗೀಮಾಲೆ ಬಂದಿಲ್ಲ ಕಣಪ್ಪ. ಯಾರ್ ಹೇಳಿದ್ದು ನಿಂಗೆ?”

ಕೆರೆ ನೀರು ಕುಡಿದು ಬೆಳೆದ ಮಕ್ಕಳಿಗೆ ಅದು ಗೊತ್ತೇ ಆಗದ ಹಾಗೆ ಬಂದು, ರಕ್ತದಲ್ಲಿ ರಕ್ಷಣೆ ಬಿಟ್ಟು ಹೋಗುತ್ತಿತ್ತು ಅಂತ ಬಿಡಿಸಿ ಹೇಳಿದೆ. ಪಕ್ಕದಲ್ಲೇ ನಿಂತಿದ್ದ ಅವರ ಸೊಸೆ ತುಮಕೂರು ಸಿಟಿಯ ಶೆಟ್ಟಿಹಳ್ಳಿ ಬಡಾವಣೆಯಲ್ಲಿ ಫಿಲ್ಟರ್ ನೀರು ಕುಡಿದು ಬೆಳೆದವರು. ಅವರ ರಕ್ತದಲ್ಲಿ ಆ ರಕ್ಷಣೆ ಇರಲಿಲ್ಲ. ದೊಡ್ಡವರಿಗೆ ಬಂದರೆ ಜೋರಾಗಿರುತ್ತೆ, ಲಸಿಕೆ ಹಾಕಿಸಿ ಅಂದೆ.

ಅಜ್ಜಿಯ ಸಿಟ್ಟು ಅಲ್ಲೇ ಇಳಿಯಿತು. “ಅಯ್ಯೋ ಪಾಪ, ನಾಳೆನೇ ಹಾಕಿಸ್ಕೊಂಡ್ ಬಾರವ್ವ,” ಅಂತ ಸೊಸೆಯ ಕೈ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಂಗೈತೇನಪ್ಪ ಆ ರಕ್ಷಣೆ?” ಅಂದರು.

“ನಾನೂ ತುಮಕೂರು ಸಿಟಿಯವನೇ ಅಜ್ಜಿ, ಉಪ್ಪಾರಹಳ್ಳಿ ಬಡಾವಣೆ. ಇರಲಿಲ್ಲ, ಲಸಿಕೆ ಹಾಕಿಸ್ಕೊಂಡೆ.”

ಹೊರಡುವಾಗ ಕುಡಿಯಲು ನೀರು ಕೇಳಿದೆ. ಬಿಂದಿಗೆಗೆ ಲೋಟ ಅದ್ದಲು ಹೋದ ಸೊಸೆಯನ್ನು ಅಜ್ಜಿ ತಡೆದರು. “ಕಾಯ್ಸಿ ಆರ್ಸಿ ಕೊಡೇ. ನಿನ್ ಥರಾನೇ ಅವ್ನೂ.”

ಲಸಿಕೆ ತಗೊಂಡ ಮೈ ಹೊತ್ತುಕೊಂಡು, ನೀರು ಆರುವವರೆಗೂ ಜಗಲಿ ಮೇಲೆ ಬಾಯಾರಿ ಕೂತಿದ್ದೆ.